ದಾನಚಿಂತಾಮಣಿ ಅತ್ತಿಮಬ್ಬೆ: ವಸತಿಗಳನ್ನು ಕಟ್ಟಿದ ಬಾಳು

ಬಸದಿ ಎಂಬ ಮಾತು ಸಂಸ್ಕೃತದ ವಸತಿ ಶಬ್ದದಿಂದ ಬಂದುದು. ವಸತಿ ಎಂದರೆ ವಾಸಸ್ಥಾನ, ಮನೆ. ಜಿನಬಿಂಬಕ್ಕೆ ಅದು ನೆಲೆ, ವಿಹಾರ ಮಾಡುವ ಮುನಿಗಳಿಗೆ ತಂಗುದಾಣ, ಶ್ರಾವಕ ಶ್ರಾವಿಕೆಯರಿಗೆ ಧರ್ಮಶ್ರವಣದ ಚಾವಡಿ. ಕನ್ನಡ ನಾಡಿನಲ್ಲಿ ಇಂತಹ ಮನೆಗಳನ್ನು ಕಟ್ಟಿಸಿದವರಲ್ಲಿ ಅರಸರಿದ್ದಾರೆ, ದಂಡನಾಯಕರಿದ್ದಾರೆ, ಸೆಟ್ಟಿಗಳಿದ್ದಾರೆ. ಅವರೊಡನೆ ಸರಿಸಮನಾಗಿ, ಕೆಲವೆಡೆ ಅವರನ್ನೂ ಮೀರಿ, ಹೆಣ್ಣುಮಕ್ಕಳ ಹೆಸರುಗಳು ಶಾಸನಗಳಲ್ಲಿ ಕೆತ್ತಲ್ಪಟ್ಟಿವೆ. ಆ ಹೆಸರುಗಳಲ್ಲಿ ಮೊದಲು ನೆನಪಿಗೆ ಬರುವುದು ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು. ಕೇಳಿದ್ದನ್ನು ಕೊಡುವ ರತ್ನ ಚಿಂತಾಮಣಿ. ದಾನದಲ್ಲಿ ಆ ರತ್ನದಂತಿದ್ದವಳೆಂದು ಲೋಕ ಆಕೆಗೆ ಈ ಬಿರುದನ್ನು ಕೊಟ್ಟಿತು. ಅತ್ತಿಮಬ್ಬೆ ರಾಣಿಯಾಗಿರಲಿಲ್ಲ, ಯಾವ ರಾಜ್ಯವನ್ನೂ ಆಳಲಿಲ್ಲ. ಹರೆಯದಲ್ಲಿಯೇ ಗಂಡನನ್ನು ಕಳೆದುಕೊಂಡ ಗೃಹಿಣಿ ಆಕೆ. ತನ್ನ ಮನೆಯ ದೀಪ ಆರಿದ ಮೇಲೆ ಆಕೆ ಎಷ್ಟು ಮನೆಗಳಲ್ಲಿ ದೀಪ ಹಚ್ಚಿದಳೆಂಬುದೇ ಆಕೆಯ ಜೀವನಕಥೆ.

ಗಡಿಯಾಚೆಯ ತವರು

ಅತ್ತಿಮಬ್ಬೆಯ ತವರು ಇಂದಿನ ಕರ್ನಾಟಕದಲ್ಲಿಲ್ಲ. ಆಕೆಯ ಹಿರಿಯರು ವೆಂಗಿ ವಿಷಯದ ಕಮ್ಮೆನಾಡಿಗೆ ಸೇರಿದ ಪುಂಗನೂರಿನವರು. ವೆಂಗಿ ಎಂದರೆ ಗೋದಾವರಿ ಕೃಷ್ಣೆಯರ ನಡುವಣ, ಇಂದಿನ ಆಂಧ್ರಪ್ರದೇಶದ ಕರಾವಳಿಯ ಸೀಮೆ. ಕಮ್ಮೆನಾಡು ಅದರ ದಕ್ಷಿಣ ಭಾಗದ ನಾಡು. ಆ ಕಾಲದಲ್ಲಿ ಕನ್ನಡವನ್ನೂ ತೆಲುಗನ್ನೂ ಬೇರ್ಪಡಿಸುವ ಗೆರೆ ಯಾವುದೂ ಇರಲಿಲ್ಲ. ಆದಿಕವಿ ಪಂಪನ ಪೂರ್ವಿಕರು ವೆಂಗಿಪಳುವಿನವರು. ಆತನ ತಮ್ಮ ಜಿನವಲ್ಲಭನು ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬೆಟ್ಟದಲ್ಲಿ ಜಿನಬಿಂಬಗಳನ್ನು ಕೆತ್ತಿಸಿ ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳಲ್ಲಿ ಶಾಸನ ಹಾಕಿಸಿದನು. ಕನ್ನಡ ಸಾಹಿತ್ಯದ ಮೊದಲ ಶ್ರೇಷ್ಠ ಫಲಗಳು ಬೆಳೆದ ನೆಲದಲ್ಲಿ ಇಂದಿನ ಗಡಿಯಾಚೆಯ ನೆಲದ ಪಾಲು ದೊಡ್ಡದು. ಅತ್ತಿಮಬ್ಬೆಯ ವಂಶವೂ ಆ ನೆಲದ್ದೇ.

ಈ ಮನೆತನ ವಾಜಿವಂಶದ, ಕೌಂಡಿನ್ಯ ಗೋತ್ರದ ಜೈನ ಬ್ರಾಹ್ಮಣ ಕುಲ. ಮನೆಯ ಹಿರಿಯ ನಾಗಮಯ್ಯ. ಆತನ ಮಕ್ಕಳು ಮಲ್ಲಪಯ್ಯ ಮತ್ತು ಪೊನ್ನಮಯ್ಯ. ಅಣ್ಣತಮ್ಮಂದಿರಿಬ್ಬರೂ ಶಸ್ತ್ರದಲ್ಲಿಯೂ ಶಾಸ್ತ್ರದಲ್ಲಿಯೂ ಪಳಗಿದವರು. ತಮ್ಮ ಗುರುಗಳಾದ ಜಿನಚಂದ್ರ ದೇವರು ದಿವಂಗತರಾದಾಗ ಅವರ ನೆನಪು ನಿಲ್ಲುವಂತೆ ಏನನ್ನಾದರೂ ಮಾಡಬೇಕೆಂದು ಇವರು ಬಯಸಿದರು. ಕವಿ ಪೊನ್ನನನ್ನು ಪ್ರಾರ್ಥಿಸಿ, ಹದಿನಾರನೆಯ ತೀರ್ಥಂಕರರಾದ ಶಾಂತಿನಾಥರ ಚರಿತೆಯನ್ನು ಕಾವ್ಯವಾಗಿ ಬರೆಯಿಸಿದರು. ಅದೇ ಶಾಂತಿಪುರಾಣ. ಪೊನ್ನನು ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಆಸ್ಥಾನದ ಮನ್ನಣೆ ಪಡೆದ ಉಭಯಕವಿಚಕ್ರವರ್ತಿ.

ಮಲ್ಲಪಯ್ಯ ಮತ್ತು ಅಪ್ಪಕಬ್ಬೆ ದಂಪತಿಗಳ ಮಗಳು ಅತ್ತಿಮಬ್ಬೆ. ಆಕೆ ಹುಟ್ಟಿದ್ದು 10ನೆಯ ಶತಮಾನದ ನಡುಭಾಗದಲ್ಲಿ. ಆಕೆಯ ಬೆನ್ನಿಗೆ ಗುಂಡಮಬ್ಬೆ ಎಂಬ ತಂಗಿ. ಗುರುವಿನ ಸ್ಮರಣೆಗೆ ಕಾವ್ಯವನ್ನೇ ಬರೆಯಿಸಿದ ಮನೆ ಅದು. ಸತ್ತವರನ್ನು ಉಳಿಸಿಕೊಳ್ಳುವ ದಾರಿ ಗ್ರಂಥವೆಂಬ ಅರಿವು ಅತ್ತಿಮಬ್ಬೆಗೆ ತವರಿನ ಬಳುವಳಿಯಾಗಿ ಬಂದಿತು. ಆಭರಣಗಳಿಗಿಂತ ಈ ಬಳುವಳಿಯೇ ಮುಂದೆ ಆಕೆಯ ಕೈಹಿಡಿಯಿತು.

ಚಾಲುಕ್ಯರ ಪಾಳೆಯದಲ್ಲಿ

ಅಕ್ಕತಂಗಿಯರು ಬೆಳೆದು ದೊಡ್ಡವರಾಗುವ ವೇಳೆಗೆ ದಖನ್ನಿನ ರಾಜಕೀಯ ತಲೆಕೆಳಗಾಯಿತು. 973ರಲ್ಲಿ ಎರಡನೆಯ ತೈಲಪನು ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯರ ಆಳ್ವಿಕೆಯನ್ನು ಮತ್ತೆ ಸ್ಥಾಪಿಸಿದನು. ಮುಂದಿನ ಇಪ್ಪತ್ತನಾಲ್ಕು ವರ್ಷಗಳ ಕಾಲ ಆತನ ಬಾಳು ಬಹುಪಾಲು ಯುದ್ಧದಲ್ಲಿಯೇ ಕಳೆಯಿತು. ಉತ್ತರದಲ್ಲಿ ಮಾಳವದ ಪರಮಾರರು, ದಕ್ಷಿಣದಲ್ಲಿ ಚೋಳರು, ನಡುವೆ ಗಂಗ ಮನೆತನದ ಪಾಂಚಾಲದೇವನಂತಹ ಪ್ರತಿಸ್ಪರ್ಧಿಗಳು. ಈ ಯುದ್ಧಗಳ ಭಾರವನ್ನು ಹೊತ್ತವರಲ್ಲಿ ತೈಲಪನ ಮಂತ್ರಿ ಧಲ್ಲಪನೂ ಆತನ ಮಗ ನಾಗದೇವನೂ ಮುಖ್ಯರು. ಧಲ್ಲಪನು ಅತ್ತಿಮಬ್ಬೆಯನ್ನೂ ಗುಂಡಮಬ್ಬೆಯನ್ನೂ ಸೊಸೆಯಂದಿರಾಗಿ ತಂದುಕೊಂಡನು. ಅಕ್ಕತಂಗಿಯರಿಬ್ಬರೂ ನಾಗದೇವನ ಮಡದಿಯರಾದರು.

ತಂದೆಯ ಮನೆಯಲ್ಲಿ ಗ್ರಂಥ, ಅತ್ತೆಯ ಮನೆಯಲ್ಲಿ ಖಡ್ಗ. ನಾಗದೇವನು ಚಿಕ್ಕ ವಯಸ್ಸಿನಲ್ಲಿಯೇ ಹೆಸರುವಾಸಿಯಾದ ದಂಡನಾಯಕ. ಅರಸನ ಮೆಚ್ಚುಗೆಗೆ, ಸಂಪತ್ತಿಗೆ, ಮರ್ಯಾದೆಗೆ ಆ ಮನೆಯಲ್ಲಿ ಕೊರತೆಯಿರಲಿಲ್ಲ. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗನು ಹುಟ್ಟಿದನು. ಶಾಸನದಲ್ಲಿ ಪಡೆವಳ ತೈಲನೆಂದು ಕಾಣುವವನು ಈತನೇ. ಸೇನಾನಿಯ ಮನೆಯ ಸುಖಕ್ಕೆ ರಣರಂಗದ ಸುದ್ದಿಯೇ ಅವಧಿ. ಒಂದು ದಿನ ಆ ಸುದ್ದಿ ಬಂದಿತು. ನಾಗದೇವನು ಮಡಿದನು.

ಇಬ್ಬರು ಸೋದರಿಯರು, ಎರಡು ದಾರಿ

ವೀರನ ಮರಣದ ಹಿಂದೆ ಆತನ ಹೆಂಡತಿಯ ಮರಣವನ್ನೂ ಆ ಕಾಲದ ಸಮಾಜ ಎದುರುನೋಡುತ್ತಿತ್ತು. ಸಹಗಮನ ಮಾಡಿದವಳಿಗೆ ಮಾಸ್ತಿಗಲ್ಲು ನಿಲ್ಲಿಸಿ ಕೈಮುಗಿಯುತ್ತಿದ್ದ ಕಾಲವದು. ಗುಂಡಮಬ್ಬೆ ಆ ದಾರಿಯನ್ನು ಹಿಡಿದಳು. ಗಂಡನೊಡನೆ ಚಿತೆಯೇರಿದಳು. ಅತ್ತಿಮಬ್ಬೆ ಏರಲಿಲ್ಲ.

ಈ ಒಂದು ನಿರ್ಧಾರದ ಭಾರವನ್ನು ಇಂದಿನವರು ಅಳೆಯುವುದು ಕಷ್ಟ. ಒಡಹುಟ್ಟಿದವಳು ಒಂದೇ ದಿನದಲ್ಲಿ ಪೂಜ್ಯಳಾದಳು. ಉಳಿದವಳ ಪಾಲಿಗೆ ಬಂದದ್ದು ವೈಧವ್ಯ, ಜನರ ಕಣ್ಣು, ತಂಗಿಯೊಡನೆ ದಿನವೂ ನಡೆಯುವ ಮೂಕ ಹೋಲಿಕೆ. ಗಂಡ ಹೋದ ದುಃಖದ ಮೇಲೆ ತಂಗಿ ಹೋದ ದುಃಖ. ಆದರೆ ಆಕೆ ನಂಬಿದ ಧರ್ಮದ ಮೂಲ ಅಹಿಂಸೆ. ಬೇರೆ ಜೀವವನ್ನು ಹಿಂಸಿಸಬಾರದೆನ್ನುವ ಧರ್ಮ ತನ್ನ ಜೀವವನ್ನು ಶೋಕದ ಬೆಂಕಿಗೆ ಹಾಕುವುದನ್ನೂ ಮೆಚ್ಚುವುದಿಲ್ಲ. ಸುಡಬೇಕಾದದ್ದು ದೇಹವನ್ನಲ್ಲ, ಕರ್ಮವನ್ನು. ಅದಕ್ಕೆ ಬೇಕಾದ ಅಗ್ನಿ ತಪಸ್ಸು. ಅತ್ತಿಮಬ್ಬೆ ವ್ರತ, ಉಪವಾಸಗಳ ದಾರಿಯನ್ನು ಹಿಡಿದು ದೇಹವನ್ನು ದಂಡಿಸಿದಳು, ಮಗನನ್ನು ಬೆಳೆಸಿದಳು, ಕೈಯಲ್ಲಿದ್ದ ಸಂಪತ್ತನ್ನು ತನ್ನದೆಂದು ಎಣಿಸುವುದನ್ನು ಬಿಟ್ಟಳು. ತಂಗಿಯ ಕಥೆಯನ್ನು ಇಂದು ತಿಳಿಯಲು ಸಾಧ್ಯವಾಗಿರುವುದೂ ಅಕ್ಕ ಬದುಕಿ ಬರೆಯಿಸಿದ ಕಾವ್ಯದಿಂದಲೇ ಎಂಬುದನ್ನು ಮರೆಯಬಾರದು.

ಕಾವ್ಯಕ್ಕೊಂದು ಆಸರೆ

ಮುಧೋಳದ ಬಳೆಗಾರ ಕುಲದಲ್ಲಿ 949ರಲ್ಲಿ ಹುಟ್ಟಿದ ರನ್ನನು ವಿದ್ಯೆಯನ್ನು ಅರಸುತ್ತ ಗಂಗರ ನಾಡಿಗೆ ಹೋದವನು. ಅಲ್ಲಿ ಅಜಿತಸೇನಾಚಾರ್ಯರ ಬಳಿ ಕಲಿತು, ಚಾವುಂಡರಾಯನ ಆಶ್ರಯ ಪಡೆದು, ಕೊನೆಗೆ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದನು. ಈತನಿಂದ ಅತ್ತಿಮಬ್ಬೆ ಎರಡನೆಯ ತೀರ್ಥಂಕರರಾದ ಅಜಿತನಾಥರ ಚರಿತೆಯನ್ನು ಬರೆಯಿಸಿದಳು. ಹನ್ನೆರಡು ಆಶ್ವಾಸಗಳ ಅಜಿತಪುರಾಣ 993ರಲ್ಲಿ ಮುಗಿಯಿತು. ತಂದೆ ಮತ್ತು ಚಿಕ್ಕಪ್ಪ ಪೊನ್ನನಿಂದ ಮಾಡಿಸಿದ ಕೆಲಸವನ್ನು ಮಗಳು ರನ್ನನಿಂದ ಮಾಡಿಸಿದಳು. ಕನ್ನಡದ ರತ್ನತ್ರಯರೆಂದು ಹೆಸರಾದ ಮೂವರಲ್ಲಿ ಇಬ್ಬರ ಜಿನಪುರಾಣಗಳು ಈ ಒಂದೇ ಮನೆತನದ ಋಣದಲ್ಲಿವೆ.

ಅಜಿತನಾಥರ ಕಥೆಯೊಡನೆ ಸಗರ ಚಕ್ರವರ್ತಿಯ ಕಥೆಯೂ ಹೆಣೆದುಕೊಂಡಿದೆ. ಅರವತ್ತು ಸಾವಿರ ಮಕ್ಕಳನ್ನು ಪಡೆದು, ಅವರ ಸಾವಿನ ಸುದ್ದಿಯನ್ನು ಕೇಳಿ, ಆ ಆಘಾತದಿಂದಲೇ ಸಂಸಾರದ ನಿಜವನ್ನು ಕಂಡು ವಿರಕ್ತನಾದ ದೊರೆ ಸಗರ. ಗಂಡನನ್ನೂ ತಂಗಿಯನ್ನೂ ಕಳೆದುಕೊಂಡ ಹೆಂಗಸೊಬ್ಬಳು ಬರೆಯಿಸಿದ ಕಾವ್ಯದಲ್ಲಿ ಈ ಕಥೆ ಇರುವುದನ್ನು ಓದುವವರು ಗಮನಿಸದೆ ಇರಲಾರರು. ಶೋಕ ಎಷ್ಟೇ ದೊಡ್ಡದಾದರೂ ಅದರಾಚೆಗೆ ದಾರಿ ಇದೆಯೆಂಬುದು ಆ ಪುರಾಣದ ಉಪದೇಶ. ಆಕೆಯ ಬಾಳಿನ ಉಪದೇಶವೂ ಅದೇ.

ರನ್ನನು ತನ್ನ ಆಶ್ರಯದಾತೆಯ ವಂಶ, ಶೀಲ, ದಾನಗಳನ್ನು ಕಾವ್ಯದಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾನೆ. ಜಿನಧರ್ಮವನ್ನು ಎತ್ತಿಹಿಡಿದ ಗಂಗ ಅರಸರು, ಚಾವುಂಡರಾಯ ಮೊದಲಾದವರ ಸಾಲಿನಲ್ಲಿಯೇ ಆಕೆಯನ್ನೂ ನಿಲ್ಲಿಸಿದ್ದಾನೆ. ಅರಸರ ಹೊಗಳಿಕೆಯಿಂದಲೇ ಬದುಕುತ್ತಿದ್ದ ಆ ಕಾಲದ ಕವಿಗೆ ಅಧಿಕಾರವಿಲ್ಲದ ವಿಧವೆಯೊಬ್ಬಳನ್ನು ಅರಸರ ಪಕ್ಕದಲ್ಲಿ ನಿಲ್ಲಿಸುವುದು ಸಣ್ಣ ಮಾತಲ್ಲ. ಅದಕ್ಕಿಂತ ಹೆಚ್ಚಿನ ಗೌರವವನ್ನು ಆತ ತನ್ನ ಮನೆಯೊಳಗೆ ಸಲ್ಲಿಸಿದನು. ಮಗನಿಗೆ ಚಾವುಂಡರಾಯನ ನೆನಪಿನಲ್ಲಿ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಬಳೆಗಾರರ ಮನೆಯ ಹುಡುಗಿಯೊಬ್ಬಳು ದಾನಚಿಂತಾಮಣಿಯ ಹೆಸರನ್ನು ಹೊತ್ತು ಬೆಳೆದಳು.

ಸಾವಿರ ಓಲೆಕಟ್ಟುಗಳು

ಅತ್ತಿಮಬ್ಬೆಯ ಹೆಸರನ್ನು ಸಾಹಿತ್ಯ ಚರಿತ್ರೆಯಲ್ಲಿ ಅಳಿಸಲಾಗದಂತೆ ಮಾಡಿದ ಕಾರ್ಯ ಇನ್ನೊಂದು. ತಂದೆ ಬರೆಯಿಸಿದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಆಕೆ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರ ಬರಲು ಇನ್ನೂ ಶತಮಾನಗಳಿದ್ದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಏನೆಂಬುದನ್ನು ಬಿಡಿಸಿ ನೋಡಬೇಕು. ತಾಳೆಗರಿಗಳನ್ನು ಕೊಯ್ದು, ಹದಮಾಡಿ, ಒಣಗಿಸಿ, ತಿಕ್ಕಿ ನುಣುಪುಗೊಳಿಸಬೇಕು. ಒಂದೇ ಅಳತೆಗೆ ಕತ್ತರಿಸಿ ದಾರ ಪೋಣಿಸಲು ತೂತು ಕೊರೆಯಬೇಕು. ಲಿಪಿಕಾರನು ಕಬ್ಬಿಣದ ಕಂಠವನ್ನು ಹಿಡಿದು ಗರಿ ಸೀಳದಂತೆ ಒಂದೊಂದೇ ಅಕ್ಷರವನ್ನು ಕೊರೆಯಬೇಕು. ಆಮೇಲೆ ಮಸಿ ತೊಡೆದು ಒರೆಸಿದರೆ ಅಕ್ಷರಗಳು ಕಾಣುತ್ತವೆ. ಕೊನೆಗೆ ಮರದ ಹಲಗೆಗಳ ನಡುವೆ ಇಟ್ಟು ಕಟ್ಟು ಕಟ್ಟಬೇಕು. ಹನ್ನೆರಡು ಆಶ್ವಾಸಗಳ ಚಂಪೂಕಾವ್ಯಕ್ಕೆ ಇಷ್ಟೂ ಕೆಲಸ ಸಾವಿರ ಬಾರಿ ನಡೆಯಿತು. ಗರಿ ತರುವವರು, ಬರೆಯುವವರು, ತಿದ್ದುವವರು, ಇವರೆಲ್ಲರ ಊಟ, ವಸತಿ, ಸಂಭಾವನೆಗಳನ್ನು ಸೇರಿಸಿದರೆ ಅದೊಂದು ದೊಡ್ಡ ಕಾರ್ಯಾಗಾರವೇ ಆಗಿರಬೇಕು.

ಈ ದಾನದ ಬೆಲೆ ತಿಳಿಯಬೇಕಾದರೆ ಕಳೆದುಹೋದ ಕೃತಿಗಳತ್ತ ನೋಡಬೇಕು. ಪೊನ್ನನೇ ಬರೆದ ಭುವನೈಕರಾಮಾಭ್ಯುದಯ ಇಂದು ದೊರೆಯುವುದಿಲ್ಲ. ರನ್ನನ ಪರಶುರಾಮಚರಿತವೂ ಚಕ್ರೇಶ್ವರಚರಿತವೂ ಹೆಸರುಗಳಾಗಿ ಮಾತ್ರ ಉಳಿದಿವೆ. ಅವು ಚಿಕ್ಕ ಕವಿಗಳ ಕೃತಿಗಳಲ್ಲ. ಕವಿಚಕ್ರವರ್ತಿ ಎನಿಸಿಕೊಂಡವರ ಕೃತಿಗಳೂ ಗೆದ್ದಲಿಗೆ, ಬೆಂಕಿಗೆ, ಮರೆವಿಗೆ ತುತ್ತಾದವು. ಅತ್ತಿಮಬ್ಬೆ ಪ್ರತಿಮಾಡಿಸಿದ ಶಾಂತಿಪುರಾಣ ಮಾತ್ರ ಸಾವಿರ ವರ್ಷ ದಾಟಿ ನಮ್ಮವರೆಗೆ ಬಂದಿತು. ಕವಿತೆ ಶಾಶ್ವತವೆಂದು ಹೇಳುವುದು ಸುಲಭ. ಅದನ್ನು ಬರೆದಿಟ್ಟ ಗರಿಯ ಆಯುಸ್ಸು ಕೆಲವು ನೂರು ವರ್ಷ ಮಾತ್ರ. ಕಾಲಕಾಲಕ್ಕೆ ಯಾರಾದರೂ ಕುಳಿತು ನಕಲು ಮಾಡದೆ ಹೋದರೆ ಕಾವ್ಯಕ್ಕೂ ಮರಣವಿದೆ. ಸಾವಿರ ಪ್ರತಿಗಳು ಸಾವಿರ ಮನೆ ಸೇರಿದರೆ ಎಲ್ಲ ಮನೆಗಳಿಗೂ ಒಮ್ಮೆಲೇ ಬೆಂಕಿ ಬೀಳದು. ಅತ್ತಿಮಬ್ಬೆಯ ದೂರದೃಷ್ಟಿಯಿಂದ ಶಾಂತಿಪುರಾಣಕ್ಕೆ ಸಾವಿರ ನೆಲೆಗಳು ದೊರೆತವು.

ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ಜೈನಧರ್ಮ ದಾನವನ್ನು ನಾಲ್ಕು ಬಗೆಯಾಗಿ ಹೇಳುತ್ತದೆ. ಅನ್ನ ಕೊಟ್ಟರೆ ಒಂದು ಹೊತ್ತಿನ ಹಸಿವು ತೀರುತ್ತದೆ, ಮದ್ದು ಕೊಟ್ಟರೆ ಒಂದು ರೋಗ ವಾಸಿಯಾಗುತ್ತದೆ, ಶಾಸ್ತ್ರ ಕೊಟ್ಟರೆ ಪಡೆದವನು ಇನ್ನೊಬ್ಬನಿಗೆ ಕೊಡಬಲ್ಲನು. ಶಾಸ್ತ್ರದಾನಕ್ಕೆ ಸಾವಿರ ಓಲೆಕಟ್ಟುಗಳಿಗಿಂತ ದೊಡ್ಡ ನಿದರ್ಶನವನ್ನು ಕನ್ನಡ ನಾಡು ಕಂಡಿಲ್ಲ. ಇದರೊಡನೆ ರತ್ನಖಚಿತವಾದ 1500 ಸುವರ್ಣ ಜಿನಪ್ರತಿಮೆಗಳನ್ನು ಆಕೆ ಮಾಡಿಸಿ ದಾನವಿತ್ತಳೆಂದು ಪರಂಪರೆ ಹೇಳುತ್ತದೆ. ಬಸದಿ ದೂರವಿರುವ ಊರಿನಲ್ಲಿಯೂ ಒಂದು ಪುಟ್ಟ ಬಿಂಬವಿದ್ದರೆ ಮನೆಯ ಒಂದು ಮೂಲೆಯೇ ಚೈತ್ಯಾಲಯವಾಗುತ್ತದೆ.

ಲೊಕ್ಕಿಗುಂಡಿಯ ಜಿನಾಲಯ

ಗದಗಿನಿಂದ ಕೊಪ್ಪಳದ ಕಡೆಗೆ ಹೋಗುವ ದಾರಿಯಲ್ಲಿ ಸುಮಾರು 12 ಕಿಲೋಮೀಟರ್ ದೂರದಲ್ಲಿರುವ ಲಕ್ಕುಂಡಿಯ ಹಳೆಯ ಹೆಸರು ಲೊಕ್ಕಿಗುಂಡಿ. ಇಂದು ಅದು ಒಂದು ಹಳ್ಳಿ. ಅತ್ತಿಮಬ್ಬೆಯ ಕಾಲದಲ್ಲಿ ಅದು ಸಾವಿರ ಮಹಾಜನರ ಅಗ್ರಹಾರ. ವ್ಯಾಪಾರಕ್ಕೂ ವಿದ್ಯೆಗೂ ಹೆಸರಾದ ಊರು. ಲೊಕ್ಕಿ ಗದ್ಯಾಣವೆಂಬ ಹೊನ್ನಿನ ನಾಣ್ಯ ಈ ಊರಿನ ಹೆಸರನ್ನೇ ಹೊತ್ತು ಚಲಾವಣೆಯಲ್ಲಿತ್ತು. ಈ ಊರಿನಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯೇ ಬ್ರಹ್ಮ ಜಿನಾಲಯ.

ಪೂರ್ವಕ್ಕೆ ಮುಖಮಾಡಿ ನಿಂತಿರುವ ಈ ಕಟ್ಟಡಕ್ಕೆ ಗರ್ಭಗೃಹ, ಸುಕನಾಸಿ, ನವರಂಗ, ಮುಂದೆ ತೆರೆದ ಮುಖಮಂಟಪ ಇವೆ. ಗರ್ಭಗೃಹದ ಮೇಲೆ ದ್ರಾವಿಡ ಶೈಲಿಯ ಶಿಖರ ಅಂತಸ್ತು ಅಂತಸ್ತಾಗಿ ಮೇಲೇರುತ್ತದೆ. ಒಳಗೆ ನವರಂಗದಲ್ಲಿ ನಾಲ್ಕು ಮುಖದ ಬ್ರಹ್ಮಯಕ್ಷನ ವಿಗ್ರಹವೂ ಪದ್ಮಾವತಿಯ ವಿಗ್ರಹವೂ ಇವೆ. ಎರಡರ ಎತ್ತರ ಮತ್ತು ಗಾಂಭೀರ್ಯ ನೋಡುವವರನ್ನು ನಿಲ್ಲಿಸಿಬಿಡುತ್ತವೆ. ಹೊರಗೋಡೆಗಳಲ್ಲಿ ಅಳತೆ ಮೀರಿದ ಅಲಂಕಾರವಿಲ್ಲ. ಸಾಲಾಗಿ ನಿಂತ ತೆಳುವಾದ ಅರೆಗಂಬಗಳು, ಅವುಗಳ ನಡುವೆ ನೆರಳು ಬೆಳಕಿನ ಆಟ ಅಷ್ಟೇ.

ಈ ಬಸದಿಯ ನಿಜವಾದ ಹೊಸತನ ಅದರ ಕಲ್ಲಿನಲ್ಲಿದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಹಳೆಯ ಗುಡಿಗಳು ಮರಳುಗಲ್ಲಿನವು. ಮರಳುಗಲ್ಲಿನ ದಪ್ಪ ದಪ್ಪ ಬಂಡೆಗಳನ್ನು ಹೊಂದಿಸಿ ಗೋಡೆ ಏಳಿಸಬಹುದು, ಆದರೆ ಅತಿ ಸೂಕ್ಷ್ಮವಾದ ಕೆತ್ತನೆಯನ್ನು ಅದು ತಾಳುವುದಿಲ್ಲ. ಲಕ್ಕುಂಡಿಯ ಜಿನಾಲಯಕ್ಕೆ ಬಳಸಿದ್ದು ಹಸುರು ಬೂದು ಬಣ್ಣದ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಉಳಿಗೆ ಮೆತ್ತಗೆ ಒಗ್ಗುವ ಈ ಕಲ್ಲು ನುಣ್ಣಗಿನ ಹೊಳಪನ್ನೂ ಪಡೆಯುತ್ತದೆ. ಈ ಕಲ್ಲಿನಲ್ಲಿ ಕಟ್ಟಿದ ಈ ಸೀಮೆಯ ಮೊದಲ ಕಟ್ಟಡಗಳಲ್ಲಿ ಬ್ರಹ್ಮ ಜಿನಾಲಯ ಒಂದೆಂದು ವಾಸ್ತುಶಿಲ್ಪದ ವಿದ್ವಾಂಸರು ಗುರುತಿಸಿದ್ದಾರೆ. ಕಲ್ಲು ಬದಲಾದೊಡನೆ ಶಿಲ್ಪಿಯ ಕೈಯೂ ಬದಲಾಯಿತು. ಲಕ್ಕುಂಡಿಯ ಕಾಶಿವಿಶ್ವನಾಥ ದೇಗುಲ, 1112ರ ಇಟಗಿಯ ಮಹಾದೇವ ದೇಗುಲ, ಮುಂದೆ ಹೊಯ್ಸಳರ ಬೇಲೂರು, ಹಳೇಬೀಡುಗಳ ಕುಸುರಿ ಕೆಲಸ ಎಲ್ಲವೂ ಬಳಪದ ಕಲ್ಲಿನ ವರ. ಕನ್ನಡ ನಾಡಿನ ಶಿಲ್ಪಕಲೆ ಹೊಸ ದಾರಿಗೆ ತಿರುಗಿದ ಹೊತ್ತಿನಲ್ಲಿ, ತಿರುವಿನಲ್ಲಿಯೇ ನಿಂತಿದೆ ಅತ್ತಿಮಬ್ಬೆಯ ಬಸದಿ.

ಗೋಡೆಯಷ್ಟೇ ಮನೆಯಲ್ಲ

ಬಸದಿಯ ಬಳಿಯಿರುವ ಶಾಸನ ಶಕವರ್ಷ 929ರದು, ಎಂದರೆ ಕ್ರಿ.ಶ. 1007ರದು. ಆಗ ಆಳುತ್ತಿದ್ದವನು ತೈಲಪನ ಮಗ ಇರಿವಬೆಡಂಗ ಸತ್ಯಾಶ್ರಯ. ಬಸದಿಯ ನಿತ್ಯಪೂಜೆ, ಜೀರ್ಣೋದ್ಧಾರ, ಮುನಿಗಳ ಆಹಾರದಾನಗಳಂತಹ ಕಾರ್ಯಗಳು ನಿಲ್ಲದೆ ನಡೆಯಬೇಕಾದರೆ ಸ್ಥಿರವಾದ ಆದಾಯ ಬೇಕು. ಅದಕ್ಕಾಗಿ ಸೂರಣಗಿ ಗ್ರಾಮವನ್ನು ಸೂರಸ್ಥ ಗಣದ, ಕೌರೂರ ಗಚ್ಛದ ಅರ್ಹಣಂದಿ ಪಂಡಿತರ ವಶಕ್ಕೆ ಕೊಡಲಾಯಿತು. ಈ ಹೊತ್ತಿಗೆ ಅತ್ತಿಮಬ್ಬೆಯ ಮಗ ತೈಲನು ಪಡೆವಳನಾಗಿ, ಎಂದರೆ ಸೇನಾನಿಯಾಗಿ, ತಂದೆಯ ಸ್ಥಾನಕ್ಕೆ ಬಂದಿದ್ದನು.

ಬಸದಿ ಕಟ್ಟಿಸುವುದಕ್ಕಿಂತ ಬಸದಿ ನಡೆಸುವುದು ಕಷ್ಟ. ಕಳಶ ಏರಿಸುವ ದಿನ ಊರೆಲ್ಲ ಸೇರುತ್ತದೆ. ಮರುದಿನದ ದೀಪಕ್ಕೆ ಎಣ್ಣೆ ಯಾರು ತರಬೇಕು, ಹತ್ತು ವರ್ಷದ ಮೇಲೆ ಸೋರುವ ಮಾಳಿಗೆಯನ್ನು ಯಾರು ಕಟ್ಟಬೇಕು, ನೂರು ವರ್ಷದ ಮೇಲೆ ಅಭಿಷೇಕ ಯಾರಿಂದ ನಡೆಯಬೇಕು ಎಂಬ ಚಿಂತೆ ಕೆಲವರಿಗೆ ಮಾತ್ರ. ಕಾವ್ಯ ಬರೆಯಿಸಿದವಳು ಪ್ರತಿಗಳನ್ನೂ ಮಾಡಿಸಿದಂತೆ, ಬಸದಿ ಕಟ್ಟಿಸಿದವಳು ಅದರ ನಾಳೆಯನ್ನೂ ಕಟ್ಟಿಟ್ಟಳು. ಅತ್ತಿಮಬ್ಬೆಯ ಔದಾರ್ಯವನ್ನು ಬೇರೆ ದಾನಿಗಳಿಂದ ಬೇರೆಯಾಗಿ ನಿಲ್ಲಿಸುವ ಗುಣ ಇದು. ಕೊಟ್ಟು ಕೈತೊಳೆದುಕೊಳ್ಳುವುದು ಆಕೆಯ ರೀತಿಯಲ್ಲ.

ಆ ಕಾಲದಲ್ಲಿ ನಾಳೆಯ ಭರವಸೆ ಎಷ್ಟು ದುರ್ಬಲವಾಗಿತ್ತೆಂಬುದಕ್ಕೆ ಅದೇ ಶಕವರ್ಷ 929ರ ಇನ್ನೊಂದು ಶಾಸನ ಸಾಕ್ಷಿ. ಹಾವೇರಿ ಜಿಲ್ಲೆಯ ಹೊಟ್ಟೂರಿನ ಆ ಶಾಸನ, ಚೋಳರ ಒಂಬತ್ತು ಲಕ್ಷ ಸೈನ್ಯ ದೋನೂರಿನವರೆಗೆ ನುಗ್ಗಿ ಊರುಗಳನ್ನು ಸೂರೆಮಾಡಿ ಹೆಂಗಸರು ಮಕ್ಕಳೆನ್ನದೆ ಕೊಂದುದನ್ನೂ ಸತ್ಯಾಶ್ರಯನು ಅವರನ್ನು ಹಿಮ್ಮೆಟ್ಟಿಸಿದುದನ್ನೂ ಹೇಳುತ್ತದೆ. ನಾಡಿನ ಒಂದು ಕಡೆ ಊರುಗಳು ಉರಿಯುತ್ತಿದ್ದ ವರ್ಷದಲ್ಲಿ ಇನ್ನೊಂದು ಕಡೆ ಅತ್ತಿಮಬ್ಬೆ ಬಸದಿಯ ನೂರಾರು ವರ್ಷಗಳ ಪೂಜೆಗೆ ವ್ಯವಸ್ಥೆ ಮಾಡುತ್ತಿದ್ದಳು. ಮುಂದೆ ಬೆಳ್ವೊಲ ನಾಡಿನ ಜಿನಾಲಯಗಳು ಚೋಳರ ದಾಳಿಯಲ್ಲಿ ಸುಟ್ಟುಹೋದವೆಂದು 1071ರ ಗಾವರವಾಡ ಶಾಸನ ತಿಳಿಸುತ್ತದೆ. ಅಷ್ಟೆಲ್ಲ ಕಳೆದ ಮೇಲೂ ಲಕ್ಕುಂಡಿಯ ಬ್ರಹ್ಮ ಜಿನಾಲಯ ನಿಂತಿದೆ.

ಜನಮನದಲ್ಲಿ ಬೆಳೆದ ಮೂರ್ತಿ

ಆ ಶಾಸನ ಆಕೆಯ ದಾನಗಳನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಆಕೆಯ ಮಹಿಮೆಗಳನ್ನೂ ಹೇಳುತ್ತದೆ. ಆಕೆಯ ಶೀಲದ ಬಲಕ್ಕೆ ಉಕ್ಕಿ ಹರಿಯುತ್ತಿದ್ದ ಗೋದಾವರಿ ತಡೆದು ನಿಂತಿತಂತೆ. ಮದವೇರಿದ ಆನೆ ಆಕೆಯ ಮುಂದೆ ತಲೆಬಾಗಿತಂತೆ. ಗೊಮ್ಮಟ ಜಿನನ ದರ್ಶನವಾಗುವವರೆಗೆ ಆಹಾರ ಮುಟ್ಟೆನೆಂದು ಬೆಳ್ಗೊಳದ ಬೆಟ್ಟವನ್ನು ಹತ್ತುತ್ತಿದ್ದಾಗ ಆಯಾಸ ನೀಗುವಂತೆ ಅಕಾಲದಲ್ಲಿ ಮಳೆ ಸುರಿಯಿತಂತೆ. ಚಾವುಂಡರಾಯನು 981ರಲ್ಲಿ ನಿಲ್ಲಿಸಿದ ಗೊಮ್ಮಟಮೂರ್ತಿ ಆಗಿನ್ನೂ ಹೊಸದು. ದೂರದ ಬೆಳ್ವೊಲ ನಾಡಿನಿಂದ ಉಪವಾಸದಲ್ಲಿ ನಡೆದು ಬಂದ ವಿಧವೆಯ ಚಿತ್ರ ಜನರ ಮನಸ್ಸನ್ನು ತಟ್ಟಿತು.

ಈ ಕಥೆಗಳನ್ನು ಭಕ್ತರು ಮಹಿಮೆಯೆಂದು ನಂಬುತ್ತಾರೆ, ಇತಿಹಾಸಕಾರರು ಗೌರವದ ಗುರುತೆಂದು ಓದುತ್ತಾರೆ. ಎರಡೂ ಕಡೆಯವರು ಒಪ್ಪುವ ಮಾತೊಂದಿದೆ. ಆಕೆಯ ಜೀವಿತಕಾಲಕ್ಕೆ ಇಷ್ಟು ಹತ್ತಿರದಲ್ಲಿಯೇ, ಕಲ್ಲಿನ ಮೇಲೆ, ಇಂತಹ ಕಥೆಗಳು ಕೆತ್ತಲ್ಪಡಬೇಕಾದರೆ ಜನರು ಆಕೆಯನ್ನು ಬಹಳ ದೊಡ್ಡವಳೆಂದು ಕಂಡಿರಬೇಕು. ಗಂಡನ ಚಿತೆಯನ್ನು ಏರದೆ ಉಳಿದವಳನ್ನು ಅದೇ ಸಮಾಜ ಕೆಲವೇ ದಶಕಗಳಲ್ಲಿ ನದಿಯನ್ನು ನಿಲ್ಲಿಸಿದವಳೆಂದು ಕೊಂಡಾಡಿತು. ಮಾಸ್ತಿಗಲ್ಲಿಗೆ ಕೈಮುಗಿಯುತ್ತಿದ್ದವರು ಬದುಕಿ ದುಡಿದವಳಿಗೂ ಕೈಮುಗಿಯಲು ಕಲಿತರು. ಸಾವಿರ ಓಲೆಕಟ್ಟುಗಳ, ಸೂರಣಗಿಯಂತಹ ದಾನಗಳ ಜೊತೆಗೆ ಇದನ್ನೂ ಆಕೆಯ ಸಾಧನೆಯೆಂದೇ ಎಣಿಸಬೇಕು.

ಹಿಂದೆ ಬಂದ ಸಾಲು

ಅತ್ತಿಮಬ್ಬೆ ತೋರಿದ ದಾರಿಯಲ್ಲಿ ಮುಂದೆ ಹಲವರು ನಡೆದರು. ಚೋಳರ ಮನೆತನದ ಕುಂದವೈಯ ಹೆಸರಿನಲ್ಲಿ ತಮಿಳುನಾಡಿನ ತಿರುಮಲೈಯಲ್ಲಿ ಕುಂದವೈ ಜಿನಾಲಯ ನಿಂತಿತು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥರನ್ನು ಪ್ರತಿಷ್ಠೆ ಮಾಡಿಸಿದಳು. ಅಲ್ಲಿಯೇ 1181ರಲ್ಲಿ ಆಚಲದೇವಿ ಪಾರ್ಶ್ವನಾಥರ ಬಸದಿಯನ್ನು ಕಟ್ಟಿಸಿದಳು. ಆಕೆಯ ಗಂಡ, ಮಂತ್ರಿ ಚಂದ್ರಮೌಳಿ ಶಿವಭಕ್ತ. ಗಂಡನ ದೇವರು ಬೇರೆ, ಹೆಂಡತಿಯ ದೇವರು ಬೇರೆ. ಆದರೂ ಆಕೆಯ ಧರ್ಮಕಾರ್ಯಕ್ಕೆ ಆತನ ಬೆಂಬಲವಿತ್ತು. ಊರಿನವರ ಬಾಯಲ್ಲಿ ಆ ಬಸದಿ ಇಂದಿಗೂ ಅಕ್ಕನ ಬಸದಿ. ಕಟ್ಟಿಸಿದವಳನ್ನು ಬಂಧುವೆಂದು ಕರೆಯುವ ಈ ಹೆಸರಿನಲ್ಲಿ ನಾಡಿನ ಕೃತಜ್ಞತೆ ಇದೆ.

ಕರ್ನಾಟಕ ಸರ್ಕಾರ ಮಹಿಳೆಯರ ಸಾಹಿತ್ಯ ಸಾಧನೆಗೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿದೆ. ಬ್ರಹ್ಮ ಜಿನಾಲಯ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಪೊನ್ನನ ಶಾಂತಿಪುರಾಣವೂ ರನ್ನನ ಅಜಿತಪುರಾಣವೂ ಅಚ್ಚಾಗಿ ಓದುಗರಿಗೆ ದೊರೆತಿವೆ. ಆಕೆ ಬಾಳಿದ ಅರಮನೆಯಂತಹ ಮನೆ ಯಾವುದೂ ಉಳಿದಿಲ್ಲ. ಧಲ್ಲಪನ ವೈಭವ, ನಾಗದೇವನ ವಿಜಯಗಳು ಗ್ರಂಥದ ಮಾತುಗಳಾಗಿವೆ. ಉಳಿದಿರುವುದು ಆಕೆ ಇನ್ನೊಬ್ಬರಿಗಾಗಿ ಕಟ್ಟಿಸಿದ ಮನೆ ಮತ್ತು ಇನ್ನೊಬ್ಬರಿಗಾಗಿ ಬರೆಯಿಸಿದ ಗ್ರಂಥ.

ವೆಂಗಿ ನಾಡಿನಲ್ಲಿ ತವರು, ಚಾಲುಕ್ಯರ ಬೀಡಿನಲ್ಲಿ ಗಂಡನ ಮನೆ, ಲೊಕ್ಕಿಗುಂಡಿಯಲ್ಲಿ ಕೀರ್ತಿ. ಗಡಿಗಳನ್ನು ಅರಿಯದ ಈ ಬಾಳು ಗಡಿನಾಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ವಿಶೇಷವಾಗಿ ಹತ್ತಿರವಾದುದು. ವರ್ಷಕ್ಕೊಮ್ಮೆ ಉತ್ಸವದ ದಿನ ಬಸದಿಯ ಅಂಗಳ ತುಂಬುತ್ತದೆ. ತುಂಬಲೇಬೇಕು. ಉತ್ಸವ ಮುಗಿದ ಮರುದಿನ ಬೆಳಗ್ಗೆ ದೀಪಕ್ಕೆ ಎಣ್ಣೆ ಹಾಕುವ ಕೈ, ಹಳೆಯ ಓಲೆಕಟ್ಟಿನ ಧೂಳು ಕೊಡವುವ ಕೈ, ಮಗುವನ್ನು ಕೂರಿಸಿಕೊಂಡು ನಾಲ್ಕು ಸಾಲು ಕನ್ನಡ ಓದಿಸುವ ತಾಯಿಯ ಕೈ ಇವೆಲ್ಲ ಅತ್ತಿಮಬ್ಬೆಯ ಕೆಲಸವನ್ನೇ ಮುಂದುವರಿಸುತ್ತಿವೆ. ಅಂತಹ ಕೈಗಳು ಇರುವವರೆಗೆ ಆಕೆ ಕಟ್ಟಿಸಿದ ವಸತಿಗಳು ಬರಿದಾಗುವುದಿಲ್ಲ.